ಅಕ್ಕನ ಎಡಸುತ್ತು

ಮಂಗಳಾರತಿಯ ತಟ್ಟೆಯನ್ನು ಯಾವ ಕಡೆಗೆ ತಿರುಗಿಸಬೇಕೆಂದು ನಿಮ್ಮನ್ನು ಯಾರಾದರೂ ಕೂರಿಸಿಕೊಂಡು ಹೇಳಿಕೊಟ್ಟಿದ್ದಾರೆಯೆ? ನನಗಂತೂ ಯಾರೂ ಹೇಳಿಕೊಟ್ಟ ನೆನಪಿಲ್ಲ. ಬುದ್ಧಿ ಬಲಿಯುವ ಮೊದಲೇ ಕೈ ಕಲಿತುಬಿಟ್ಟ ವಿದ್ಯೆ ಅದು. ಇಂದು ಬೆಳಿಗ್ಗೆ ಕರ್ಪೂರ ಹಚ್ಚಿ ತಟ್ಟೆ ಎತ್ತಿದವಳಿಗೆ, ಬೇಕೆಂದೇ ಇದನ್ನೊಮ್ಮೆ ಎಡಕ್ಕೆ ತಿರುಗಿಸಿ ನೋಡಬಾರದೇಕೆ ಎನ್ನಿಸಿತು. ವಯಸ್ಸು ಎಪ್ಪತ್ತು ದಾಟಿದ ಮೇಲೆ ಇಂಥ ತುಂಟತನಗಳು ಮರಳಿ ಬರುತ್ತವೆ. ಆದರೆ ಮಣಿಕಟ್ಟು ಒಪ್ಪಲಿಲ್ಲ. ತಟ್ಟೆ ತಡವರಿಸಿತು, ಉರಿ ಬೆರಳಿಗೆ ತಾಗಿತು, ಕೈ ತಾನಾಗಿ ತನ್ನ ಹಳೆಯ ದಾರಿಗೆ ಮರಳಿತು. ಬೆರಳಿಗೆ ಬೆಣ್ಣೆ ಸವರಿಕೊಂಡು ಕುಳಿತಾಗ ನೆನಪಾದವಳು ನನ್ನ ಅಕ್ಕ ವಿಶಾಲಾಕ್ಷಿ.

ಅಕ್ಕ ಗಾಲಿಗಳ ಮೇಲೆ ಓಡುತ್ತಿದ್ದವಳು. ಹಿಮದ ದೇಶಗಳಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ, ಕಾಲಿಗೆ ಉಕ್ಕಿನ ಅಲಗು ಕಟ್ಟಿಕೊಂಡು, ಪುಟ್ಟದೊಂದು ಮೊಟ್ಟೆಯಾಕಾರದ ದಾರಿಯಲ್ಲಿ ಗಿರಗಿರನೆ ಸುತ್ತುವ ಪಂದ್ಯವನ್ನು ನೀವು ಈಚೆಗೆ ಟಿವಿಯಲ್ಲಿ ನೋಡಿರಬಹುದು. ನಮ್ಮ ಅರಸೀಕೆರೆಯಲ್ಲಿ ನೀರು ಹೆಪ್ಪುಗಟ್ಟುವ ಮಾತಿರಲಿ, ಬೇಸಗೆಯಲ್ಲಿ ಕೊಡಕ್ಕೆ ಸಿಕ್ಕಿದರೇ ಪುಣ್ಯ ಎಂಬಂತಿದ್ದ ಆ ಕಾಲದಲ್ಲಿ, ಅಕ್ಕ ಅಂಥದೇ ಪಂದ್ಯವನ್ನು ಗಾರೆನೆಲದ ಮೇಲೆ, ನಾಲ್ಕು ಗಾಲಿಯ ಸ್ಕೇಟು ಕಟ್ಟಿಕೊಂಡು ಓಡಿದಳು. ಅವಳ ಓಟದ ಬದುಕು ಬಹಳ ದೊಡ್ಡದಲ್ಲ. ಹದಿನೈದರ ಆಸುಪಾಸಿನಲ್ಲಿ ಶುರುವಾಗಿ ಇಪ್ಪತ್ತೆರಡು ಇಪ್ಪತ್ಮೂರಕ್ಕೆ ಮುಗಿದುಹೋಯಿತು. ಅದರೊಳಗೆ ನಮ್ಮ ಮನೆಯ ಎಷ್ಟೋ ಸಂಗತಿಗಳು ಸಿಕ್ಕಿಹಾಕಿಕೊಂಡಿವೆಯಾದ್ದರಿಂದ ನನಗೆ ಅದು ದೊಡ್ಡದಾಗಿ ಕಾಣುತ್ತದೆ.

ಅಪ್ಪ ರೈಲ್ವೆಯ ಗೂಡ್ಸ್ ಷೆಡ್ಡಿನಲ್ಲಿ ಗುಮಾಸ್ತರಾಗಿದ್ದರು. ತೆಂಗಿನಕಾಯಿಯ ನಾರು, ರಾಗಿಯ ಧೂಳು, ಇಂಜಿನ್ನಿನ ಹೊಗೆ, ಮೂರನ್ನೂ ದಿನವಿಡೀ ಕುಡಿದು ಅವರಿಗೆ ಉಬ್ಬಸ ಅಂಟಿಕೊಂಡಿತ್ತು. ಚಳಿಗಾಲದ ಬೆಳಗಿನಲ್ಲಿ ಅವರು ಒಂದೊಂದು ಉಸಿರನ್ನೂ ಬಾವಿಯಿಂದ ಸೇದಿದ ಹಾಗೆ ಸೇದುವುದನ್ನು ಕೇಳುತ್ತ ನಾವು ಹಾಸಿಗೆಯಲ್ಲಿ ಸುಮ್ಮನೆ ಮಲಗಿರುತ್ತಿದ್ದೆವು. ಅಮ್ಮ ಬೇಲೂರಿನವಳು, ಅವಳ ತಂದೆ, ನಮ್ಮ ತಾತ, ದೇವಸ್ಥಾನದ ಪರಿಚಾರಕರು. ಗಂಡನ ಉಸಿರಿಗೆ ಡಾಕ್ಟರು ಬರೆದುಕೊಟ್ಟ ಔಷಧಿಯನ್ನು ಅಮ್ಮ ತಪ್ಪದೆ ಕೊಡುತ್ತಿದ್ದಳು, ಆದರೆ ನಂಬಿದ್ದು ಅಶ್ವತ್ಥವನ್ನು. ಸೋಮವಾರ ಬಂತೆಂದರೆ ತಲೆಗೆ ನೀರು ಹಾಕಿಕೊಂಡು ಒದ್ದೆ ಸೀರೆಯಲ್ಲೇ ಅಶ್ವತ್ಥಕಟ್ಟೆಗೆ ಪ್ರದಕ್ಷಿಣೆ ಬರುವಳು. ಅಪ್ಪನ ಆಯುಸ್ಸನ್ನು ಅವಳು ಆ ಸುತ್ತುಗಳಿಂದಲೇ ಸುತ್ತಿ ಕಟ್ಟಿ ಇಟ್ಟಿದ್ದಾಳೆಂದು ನಾವು ಮಕ್ಕಳೂ ನಂಬಿದ್ದೆವು. ಈಗಲೂ ನಂಬುವುದಿಲ್ಲವೆಂದು ಹೇಳುವಷ್ಟು ಧೈರ್ಯ ನನಗಿಲ್ಲ.

ಆ ಕಟ್ಟೆ ಇದ್ದದ್ದು ರುದ್ರಪ್ಪನವರ ಅಕ್ಕಿ ಗಿರಣಿಯ ಅಂಗಳದ ನಟ್ಟನಡುವೆ. ಬೇಯಿಸಿದ ಭತ್ತ ಒಣಗಿಸಲೆಂದು ಅವರು ಅಂಗಳಕ್ಕೆಲ್ಲ ಸಿಮೆಂಟು ಗಾರೆ ಹಾಕಿಸುವಾಗ ಮರಕ್ಕೆ ಕೊಡಲಿ ಹಾಕಲು ಆಳುಗಳು ಯಾರೂ ಒಪ್ಪದೆ, ಮರವನ್ನೂ ನಾಗರಕಲ್ಲುಗಳನ್ನೂ ಹಾಗೆಯೇ ಬಿಟ್ಟು ಸುತ್ತಲೂ ಗಾರೆ ಮಾಡಿದ್ದರು. ಕನ್ನಡಿಯ ಹಾಗೆ ಉಜ್ಜಿದ ನೆಲ. ಅರಸೀಕೆರೆಗೆಲ್ಲ ಅಂಥ ನೆಲ ಅದೊಂದೇ. ಮಿಕ್ಕ ಬೀದಿಗಳೆಲ್ಲ ಜಲ್ಲಿ, ಪ್ಲಾಟ್‌ಫಾರಮ್ಮೆಲ್ಲ ಒರಟು ಕಲ್ಲು.

ಸ್ಕೇಟು ಬಂದದ್ದು ರೈಲ್ವೆ ಕಾಲೊನಿಯ ಗಾರ್ಡಮ್ಮನಿಂದ. ಆಂಗ್ಲೋ-ಇಂಡಿಯನ್ ಗಾರ್ಡೊಬ್ಬರ ಹೆಂಡತಿ ಆಕೆ. ಹೆಸರು ನಮ್ಮ ನಾಲಗೆಗೆ ಒಗ್ಗದೆ ಊರಿಗೆಲ್ಲ ಗಾರ್ಡಮ್ಮನಾಗಿದ್ದರು. ಕನ್ಯಾವಸ್ಥೆಯಲ್ಲಿ ತಾವು ಪಂದ್ಯಗಳಲ್ಲಿ ಓಡಿದವರಂತೆ. ಮಕ್ಕಳಿಲ್ಲದ ಆಕೆಗೆ ಅಕ್ಕನ ಕಾಲಿನ ಚುರುಕು ಕಣ್ಣಿಗೆ ಬಿತ್ತು. ತಮ್ಮ ಬಂಗಲೆಯ ಉದ್ದನೆಯ ಜಗುಲಿಯಲ್ಲಿ ಅವಳಿಗೆ ನಿಲ್ಲುವುದನ್ನೂ ಬೀಳುವುದನ್ನೂ ನೇರಕ್ಕೆ ನೂಕಿಕೊಂಡು ಹೋಗುವುದನ್ನೂ ಕಲಿಸಿದರು. ಅಷ್ಟರಲ್ಲಿ ಗಾರ್ಡಿಗೆ ಬೆಂಗಳೂರಿಗೆ ವರ್ಗವಾಯಿತು. ಹೋಗುವಾಗ ಸ್ಕೇಟುಗಳನ್ನೂ, ಅವನ್ನು ಬಿಗಿಯುವ ಕೀಲಿಯನ್ನೂ ಅಕ್ಕನ ಮಡಿಲಿಗೆ ಹಾಕಿ, ಒಳ್ಳೆಯ ನೆಲ ಹುಡುಕಿಕೊಂಡು ತಿರುವು ಕಲಿ, ಪಂದ್ಯವೆಂದರೆ ತಿರುವೇ, ಎಂದು ಹೇಳಿ ಹೋದರು. ಯಾವ ಕಡೆಯ ತಿರುವು ಎಂದು ಆಕೆ ಹೇಳಲಿಲ್ಲ. ನೀರು ಇಳಿಜಾರಿಗೆ ಹರಿಯುತ್ತದೆ ಎಂದು ಯಾರಾದರೂ ಹೇಳಿ ಹೋಗುತ್ತಾರೆಯೆ? ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಮನುಷ್ಯರ ನಡುವಿನ ತೊಡಕುಗಳಲ್ಲಿ ಬಹುಪಾಲು ಈ ಹೇಳದೆ ಬಿಟ್ಟ ಸಂಗತಿಗಳಿಂದಲೇ ಆಗುತ್ತವೆಂದು ನನಗೆ ಅನ್ನಿಸುವುದುಂಟು.

ನೆಲ ಕೇಳಲು ಅಪ್ಪ ಹೋದಾಗ ರುದ್ರಪ್ಪನವರು, ‘ಆಡ್ಕಳ್ಳಿ ಬುಡಿ ಸ್ವಾಮಿ, ಭತ್ತ ಹರವಿದ್ದಾಗ ಮಾತ್ರ ಬ್ಯಾಡ’ ಎಂದರಂತೆ. ಕಷ್ಟವಾದದ್ದು ಮನೆಯಲ್ಲಿ. ಅಶ್ವತ್ಥನಾರಾಯಣನ ಸುತ್ತ ಕಾಲಿಗೆ ಮೆಟ್ಟು ಹಾಕಿಕೊಂಡು ಹೋಗುವುದೆ ಎಂದು ಅಮ್ಮ ಕೆಂಡವಾದಳು. ಕಾನೂನು ಬಲ್ಲ ಗುಮಾಸ್ತರಾದ ಅಪ್ಪ, ಗಾಲಿ ಇರುವುದರಿಂದ ಅದು ಪಾದರಕ್ಷೆಯ ವರ್ಗಕ್ಕೆ ಸೇರುವುದಿಲ್ಲ, ವಾಹನದ ವರ್ಗಕ್ಕೆ ಸೇರುತ್ತದೆ ಎಂದು ತೀರ್ಪು ಕೊಟ್ಟರು. ಅಮ್ಮ ಒಂದು ದಿನವೆಲ್ಲ ಯೋಚಿಸಿ, ಹಾಗಿದ್ದರೆ ಸರಿ, ಆದರೆ ಸುತ್ತಿದರೆ ಪ್ರದಕ್ಷಿಣೆಯಾಗಿಯೇ ಸುತ್ತಬೇಕು, ಮರ ಬಲಗಡೆಗೇ ಇರಬೇಕು ಎಂದು ಒಪ್ಪಿದಳು. ಅದೊಂದು ನಿಬಂಧನೆಯೆಂದು ಆಗ ಯಾರಿಗೂ ಅನ್ನಿಸಲೇ ಇಲ್ಲ. ಬೇರೆ ಕಡೆಗೆ ಸುತ್ತುವ ಯೋಚನೆ ಅಕ್ಕನಿಗಾದರೂ ಯಾಕೆ ಬಂದೀತು? ಗಡಿಯಾರದ ಮುಳ್ಳು ಕೂಡ ಪ್ರದಕ್ಷಿಣೆಯೇ ಹಾಕುತ್ತದಲ್ಲ ಎಂದು ಅಪ್ಪ ನಕ್ಕರು.

ಹೀಗೆ ಅಕ್ಕ ಎರಡು ಮಳೆಗಾಲಗಳ ನಡುವಿನ ಕಾಲವನ್ನೆಲ್ಲ ಬಲಕ್ಕೇ ಸುತ್ತಿದಳು. ಲಂಗವನ್ನು ಕಚ್ಚೆಯಂತೆ ಎತ್ತಿ ಸಿಕ್ಕಿಸಿಕೊಂಡು, ಜಡೆಯನ್ನು ಕುತ್ತಿಗೆಗೆ ಸುತ್ತಿಕೊಂಡು, ಮೈಯನ್ನು ಮರದ ಕಡೆಗೆ ವಾಲಿಸಿ, ಎಡಗಾಲನ್ನು ಬಲಗಾಲಿನ ಮುಂದೆ ದಾಟಿಸಿ ಇಡುತ್ತ ಅವಳು ತಿರುವಿನಲ್ಲಿ ಹೋಗುವುದನ್ನು ನೋಡುತ್ತಿದ್ದರೆ, ಬೀಳುತ್ತಾಳೆ ಎನ್ನುವಷ್ಟರಲ್ಲಿ ಬೀಳದೆ ಎದ್ದುಬಂದು ಎದುರಿಗೆ ಹಾಯ್ದು ಹೋಗುವಳು. ಗಿರಣಿಯ ಹಮಾಲಿಗಳು ಮೂಟೆ ಇಳಿಸಿ ನಿಂತು ನೋಡುತ್ತಿದ್ದರು. ಇಷ್ಟು ಪ್ರದಕ್ಷಿಣೆ ಹಾಕಿದ ಹುಡುಗಿಗೆ ಗಂಡ ಎಂಥವನು ಸಿಗಬೇಕೋ ಎಂದು ಪ್ರದಕ್ಷಿಣೆಗೆ ಬಂದ ಹೆಂಗಸರು ನಗೆಯಾಡುತ್ತಿದ್ದರು. ಅಕ್ಕನಿಗೆ ಆ ಮಾತು ಕೇಳಿಸುತ್ತಿತ್ತೋ ಇಲ್ಲವೋ. ಅಷ್ಟು ಸಂತೋಷವಾಗಿದ್ದ ಇನ್ನೊಬ್ಬರನ್ನು ನಾನು ನೋಡಿಲ್ಲ.

ಬೆಂಗಳೂರಿನಲ್ಲಿ ಪಂದ್ಯವಿದೆಯೆಂದು ಗಾರ್ಡಮ್ಮ ಹೇಳಿಕಳಿಸಿದರು. ಅಪ್ಪ ಒಪ್ಪಿದ್ದು ಒಂದೇ ಮಾತಿನ ಮೇಲೆ: ಒಂದು ಸಲ ಓಡಲಿ, ನಾಲ್ವರು ಮೆಚ್ಚುವಂತೆ ಓಡಿದರೆ ಮುಂದಿನದು ನೋಡೋಣ, ಇಲ್ಲದಿದ್ದರೆ ಗಾಲಿಯನ್ನು ಬಿಚ್ಚಿಟ್ಟು ಮನೆಗೆಲಸ ಕಲಿಯಲಿ. ಅಮ್ಮ ಹಳೆಯ ಧೋತರದಲ್ಲಿ ಒಂದು ಪೈಜಾಮ ಹೊಲಿದುಕೊಟ್ಟಳು. ಅಪ್ಪ, ಅಕ್ಕ, ನಾನು ರೈಲು ಹತ್ತಿದೆವು.

ದಂಡುಪ್ರದೇಶದ ಕಡೆಯ ಯಾವುದೋ ಹಳೆಯ ಸ್ಕೇಟಿಂಗ್ ಅಂಕಣ. ಹುಡುಗಿಯರೆಲ್ಲ ಗೆರೆಯ ಮೇಲೆ ನಿಂತರು. ಅಕ್ಕನೂ ನಿಂತಳು. ಎಲ್ಲರೂ ಒಂದು ಕಡೆ ಮುಖ ಮಾಡಿ ನಿಂತಿದ್ದರೆ, ನಮ್ಮ ಅಕ್ಕ ಅವರೆಲ್ಲರಿಗೂ ಎದುರಾಗಿ, ಇನ್ನೊಂದು ಕಡೆಗೆ ಮುಖ ಮಾಡಿ, ಬೆನ್ನು ಬಗ್ಗಿಸಿ ಸಿದ್ಧಳಾಗಿ ನಿಂತಿದ್ದಳು. ಒಂದು ಗಳಿಗೆ ಅಲ್ಲಿದ್ದವರಿಗೆ ಅರ್ಥವಾಗಲಿಲ್ಲ; ಆಮೇಲೆ ನಕ್ಕರು. ಸೀಟಿ ಹಿಡಿದಿದ್ದವರು ಬಂದು ಅವಳ ಭುಜ ಹಿಡಿದು ತಿರುಗಿಸಿ ನಿಲ್ಲಿಸಿದರು. ಆಗ ಅವಳು ತಲೆಯೆತ್ತಿ ಅಪ್ಪನನ್ನು ಹುಡುಕಿದ್ದನ್ನು ನಾನು ನೋಡಿದೆ. ಜಗತ್ತೆಲ್ಲ ಎಡಕ್ಕೆ ಸುತ್ತುತ್ತದೆಂಬ ಸಂಗತಿ ನಮ್ಮ ಮನೆಗೆ ತಲುಪಿರಲಿಲ್ಲ.

ಓಟವನ್ನು ಏನೆಂದು ಹೇಳಲಿ. ನೇರದ ದಾರಿಯಲ್ಲಿ ಅಕ್ಕ ಎಲ್ಲರನ್ನೂ ಮುಟ್ಟಿಬಿಡುತ್ತಿದ್ದಳು; ತಿರುವು ಬಂದೊಡನೆ ಕಾಲುಗಳಿಗೆ ಮರೆವು ಬಡಿದಂತಾಗಿ ಎರಡನ್ನೂ ಜೋಡಿಸಿಕೊಂಡು ನಿಂತ ಹಾಗೆಯೇ ಜಾರಿಕೊಂಡು ಹೊರಗಿನ ಕಟಕಟೆಯವರೆಗೆ ಹೋಗುತ್ತಿದ್ದಳು. ಮತ್ತೆ ನೇರದಲ್ಲಿ ಮುಟ್ಟುವಳು, ಮತ್ತೆ ತಿರುವಿನಲ್ಲಿ ಕಳೆದುಕೊಳ್ಳುವಳು. ಎಲ್ಲರೂ ಮುಗಿಸಿದ ಮೇಲೆ ಒಬ್ಬಳೇ ಉಳಿದ ಸುತ್ತುಗಳನ್ನು ಓಡಿ ಮುಗಿಸಿದಳು. ನನಗೆ ಅಳು ಬಂತು. ಗಾರ್ಡಮ್ಮ ಹಣೆ ಹಣೆ ಬಡಿದುಕೊಂಡು, ತಪ್ಪು ನಂದು, ತಪ್ಪು ನಂದು ಎಂದರು; ನೇರದಲ್ಲಿ ಇವಳ ಹಾಗೆ ಓಡುವವರು ಇಲ್ಲಿ ಯಾರೂ ಇಲ್ಲ, ಮುಂದಿನ ವರ್ಷ ಕರೆತನ್ನಿ ಎಂದು ಅಪ್ಪನ ಕೈ ಹಿಡಿದುಕೊಂಡರು. ತಮ್ಮ ಷರತ್ತಿಗೆ ಆ ಮೆಚ್ಚುಗೆ ಸಾಕೆಂದು ಅಪ್ಪ ಒಪ್ಪಿದರು.

ಮನೆಗೆ ಬಂದು ಅಕ್ಕ ಅಮ್ಮನ ಎದುರು ಕುಳಿತು ಹೇಳಿದಳು: ‘ಸೋತಿದ್ದಕ್ಕೆ ನಂಗೆ ದುಃಖ ಇಲ್ಲ ಕಣಮ್ಮ. ನಂಗೆ ಬರೋದು ಅರ್ಧ ಮಾತ್ರ. ಇನ್ನರ್ಧ ಕಲೀಬೇಕು.’

ಅಮ್ಮನಿಗೆ ಅರ್ಥವಾದಾಗ ಅವಳ ಮುಖ ಬಿಳುಚಿಹೋಯಿತು. ಎಡಸುತ್ತು ಸುತ್ತುವುದು ಎಲ್ಲಿ ಎಂದು ನಿಮಗೆ ಗೊತ್ತಿದೆ. ಸ್ಮಶಾನದಲ್ಲಿ, ಹೆಗಲ ಮೇಲೆ ತೂತುಬಿದ್ದ ಮಡಕೆ ಹೊತ್ತವನು ಹಾಗೆ ಸುತ್ತುತ್ತಾನೆ. ಯಾವ ಮರಕ್ಕೆ ತಾನು ಗಂಡನ ಉಸಿರಿಗಾಗಿ ಬಲಕ್ಕೆ ಸುತ್ತುತ್ತಿದ್ದಳೋ ಅದೇ ಮರಕ್ಕೆ ಹೆತ್ತ ಮಗಳು ಎಡಕ್ಕೆ ಸುತ್ತುವುದೆಂದರೆ ಏನರ್ಥ? ಆಗದು ಎಂದಳು. ಅಪ್ಪನನ್ನು ಕೇಳಿದರೆ, ಇದು ನಿಮ್ಮಮ್ಮ ಕಟ್ಟಿದ ಕಟ್ಟು, ಅವಳೇ ಬಿಚ್ಚಬೇಕು ಎಂದರು. ಅವರು ಆ ಮಾತು ಆಡಿ ಮುಗಿಸುವುದರೊಳಗೆ ಎರಡು ಸಲ ಕೆಮ್ಮಿದರು. ಅಮ್ಮ ಅಲ್ಲಿಂದ ಎದ್ದುಹೋದಳು.

ಅಕ್ಕ ಕದ್ದು ಸುತ್ತಬಹುದಿತ್ತು. ಸುತ್ತಲಿಲ್ಲ. ಅವಳಿಗೂ ಭಯವಿತ್ತು. ಅಪ್ಪನ ಉಸಿರನ್ನು ಅವಳೂ ನನ್ನ ಪಕ್ಕದಲ್ಲೇ ಮಲಗಿ ಕೇಳಿಸಿಕೊಂಡವಳು. ಸ್ಕೇಟಿನ ಗಾಲಿಗಳಿಗೆ ಎಣ್ಣೆ ಬಿಟ್ಟು ಬಟ್ಟೆಯಲ್ಲಿ ಸುತ್ತಿಟ್ಟು, ರೊಟ್ಟಿ ತಟ್ಟುವುದನ್ನೂ ಹೂ ಕಟ್ಟುವುದನ್ನೂ ತಪ್ಪಿಲ್ಲದೆ ಕಲಿತಳು; ಹೀಗೆ ಏನೂ ಆಗದವರಂತೆ ಇರುವವರನ್ನು ನೋಡುವುದು ಅಳುವವರನ್ನು ನೋಡುವುದಕ್ಕಿಂತ ಕಷ್ಟ.

ಆ ಬೇಸಗೆಯಲ್ಲಿ ನಾವು ಬೇಲೂರಿಗೆ ಹೋಗಿದ್ದಾಗ, ತಾತ ನಮ್ಮನ್ನೆಲ್ಲ ಬಸ್ಸಿನಲ್ಲಿ ಹಳೇಬೀಡಿಗೆ ಕರೆದುಕೊಂಡು ಹೋದರು. ಗುಡಿಯ ಹೊರಗೋಡೆಯನ್ನು ತಾತನ ಜೊತೆ ನೋಡಬೇಕು. ಆನೆಯ ಸಾಲಿನಿಂದ ಶುರುಮಾಡಿ, ಗೋಡೆಯನ್ನು ಬಲಗಡೆಗಿಟ್ಟುಕೊಂಡು, ಮೂಲೆಯಿಂದ ಮೂಲೆಗೆ ಕಥೆ ಓದುತ್ತ ಹೋಗುವರು. ಕಲ್ಲುಕುಟಿಗರು ಪ್ರದಕ್ಷಿಣೆ ಬರುವವರ ಕಣ್ಣಿಗೆಂದೇ ಕಥೆ ಕೆತ್ತಿದ್ದಾರೆ, ತಿರುಗಿ ಬಂದರೆ ಸತ್ತ ವೀರರೆಲ್ಲ ಎದ್ದು ಮನೆಗೆ ಹೋಗುತ್ತಾರೆ ಎಂದು ನಗಿಸುವರು. ಚಕ್ರವ್ಯೂಹದ ಕಲ್ಲಿನ ಮುಂದೆ ಎಂದಿನಂತೆ ನಿಂತರು. ಅಭಿಮನ್ಯುವಿನ ಕಥೆ ನಮಗೆ ಬಾಯಿಪಾಠ. ಒಳಗೆ ಹೋಗುವುದು ಗೊತ್ತು, ಹೊರಗೆ ಬರುವುದು ಗೊತ್ತಿಲ್ಲ. ಯಾಕೆ ಗೊತ್ತಿಲ್ಲ ಎಂದು ತಾತ ಎಂದಿನಂತೆ ಕೇಳಿ, ಎಂದಿನಂತೆ ತಾವೇ ಉತ್ತರ ಹೇಳಿದರು: ‘ಹೊಟ್ಟೇಲಿ ಮಗು ಕೇಳ್ತಾನೇ ಇತ್ತು. ಅಮ್ಮ ನಿದ್ದೆ ಹೋದ್ಲು. ಅರ್ಧಕ್ಕೇ ಕಥೆ ನಿಂತುಹೋಯ್ತು.’

ತಾತ ಮುಂದಿನ ಮೂಲೆಗೆ ಹೋದರು, ನಾವೂ ಹೋದೆವು. ಅಮ್ಮ ಬರಲಿಲ್ಲ. ತಿರುಗಿ ನೋಡಿದರೆ ಆ ಕಲ್ಲಿನ ಮುಂದೆಯೇ ನಿಂತಿದ್ದಳು. ಇದಕ್ಕೆ ಮುಂಚೆ ಅವಳು ಆ ಕಥೆಯನ್ನು ನೂರು ಸಲ ಕೇಳಿರಬೇಕು. ತೊಡೆಯ ಮೇಲೆ ನಮ್ಮನ್ನು ಮಲಗಿಸಿಕೊಂಡು ತಾನೇ ಹೇಳಿದ್ದಳು. ಅಭಿಮನ್ಯುವಿಗಾಗಿ ಅತ್ತವರು ಎಷ್ಟೋ ಜನ, ಸುಭದ್ರೆಯ ಪಾಲಿನ ಸಂಕಟವನ್ನು ಯೋಚಿಸುವವರು ಕಡಿಮೆ. ತಾನು ಒಂದು ಗಳಿಗೆ ಕಣ್ಣು ಮುಚ್ಚಿದ್ದಕ್ಕೆ ಮಗ ಅರ್ಧ ವಿದ್ಯೆಯಲ್ಲಿ ಸಿಕ್ಕಿಬಿದ್ದನಲ್ಲ ಎಂದು ಆಕೆ ಉಳಿದ ಆಯುಸ್ಸನ್ನೆಲ್ಲ ಹೇಗೆ ಕಳೆದಿರಬೇಕು? ಅಮ್ಮ ಏನು ಯೋಚಿಸಿದಳೋ ನನಗೆ ಗೊತ್ತಿಲ್ಲ, ಇದು ನನ್ನ ಊಹೆ.

ಅರಸೀಕೆರೆಗೆ ಬಂದ ಮೊದಲ ಸೋಮವಾರ, ಬೆಳಕು ಹರಿಯುತ್ತಿದ್ದಂತೆ ಅಮ್ಮ ತಲೆಗೆ ನೀರು ಹಾಕಿಕೊಂಡು ಬಂದು ಅಕ್ಕನನ್ನು ಎಬ್ಬಿಸಿದಳು. ‘ಏಳೇ, ಗಾಲಿ ತಗೊಂಡು ಬಾ. ನೀನು ಎಡಕ್ಕೇ ಸುತ್ತು. ನೀನು ಎಷ್ಟು ಸುತ್ತುತೀಯೋ ಅಷ್ಟನ್ನ ನಾನು ಬಲಕ್ಕೆ ಸುತ್ತುತೀನಿ. ನಿಮ್ಮಪ್ಪನಿಗೆ ಏನೂ ಆಗಲ್ಲ.’

ಹಾಗೆ ಶುರುವಾಯಿತು. ಕಟ್ಟೆಗೆ ಒತ್ತಿಕೊಂಡಂತೆ ಅಮ್ಮ ಬಲಕ್ಕೆ, ಅಂಗಳದ ಹೊರಗಂಚಿನಲ್ಲಿ ಅಕ್ಕ ಎಡಕ್ಕೆ. ಮೊದಮೊದಲು ಅಕ್ಕ ನಡೆಯಲು ಕಲಿಯುವ ಮಗುವಿನ ಹಾಗೆ ಬಿದ್ದಳು. ಮೊಣಕಾಲಿನ ಚರ್ಮ ಗಾರೆಗೆ ಅಂಟಿತು. ಬಲಕ್ಕೆ ಅಷ್ಟು ಚೆನ್ನಾಗಿ ಓಡುತ್ತಿದ್ದುದೇ ಈಗ ಅಡ್ಡಿಯಾಗಿತ್ತು. ಮೆಲ್ಲನೆ ಬಲಗಾಲು ಎಡಗಾಲನ್ನು ದಾಟಲು ಕಲಿಯಿತು. ಅವಳಿಗೆ ವೇಗ ಬಂದಷ್ಟೂ ಅಮ್ಮನ ಪಾಲಿನ ಕೆಲಸ ಬೆಳೆಯುತ್ತ ಹೋಯಿತು, ಏಕೆಂದರೆ ಅಮ್ಮ ಒಂದು ಸುತ್ತು ಮುಗಿಸುವುದರಲ್ಲಿ ಅಕ್ಕ ಹಲವು ಸುತ್ತು ಮುಗಿಸಿರುತ್ತಿದ್ದಳು. ಅಕ್ಕ ಮನೆಗೆ ಬಂದು ಸ್ನಾನ ಮಾಡಿ ಶಾಲೆಗೆ ಹೊರಟರೂ ಅಮ್ಮ ಅಂಗಳದಲ್ಲೇ ಇರುವಳು. ಅಡುಗೆ ಮಾಡಿಟ್ಟು ಮಧ್ಯಾಹ್ನ ಮತ್ತೆ ಹೋಗುವಳು. ಸಂಜೆ ಕಾಲಿಗೆ ಹರಳೆಣ್ಣೆ ಹಚ್ಚಿ ತಿಕ್ಕುವುದು ನನ್ನ ಪಾಲಿಗೆ ಬಂತು. ಆ ಹಿಮ್ಮಡಿಗಳನ್ನು ನೋಡಿ ಅಕ್ಕ ಸುತ್ತು ಕಡಿಮೆ ಮಾಡಲು ನೋಡಿದಳು. ಮೈಗಳ್ಳತನ ಮಾಡಿದರೆ ಒನಕೆ ತರುತ್ತೇನೆ ಎಂದು ಅಮ್ಮ ಗದರಿಸಿದಳು.

ಒಂದು ಮಾತನ್ನು ಇಲ್ಲಿ ಹೇಳಬೇಕು. ಅಮ್ಮ ಸುತ್ತುವಾಗ ಅಕ್ಕನ ಕಡೆ ತಿರುಗಿ ನೋಡುತ್ತಿರಲಿಲ್ಲ. ಕಣ್ಣು ಮರದ ಮೇಲೆ, ತುಟಿಯ ಮೇಲೆ ನಾಮ. ಗಾಲಿಯ ಸದ್ದಿನಿಂದಲೇ ಸುತ್ತುಗಳನ್ನು ಲೆಕ್ಕವಿಟ್ಟುಕೊಳ್ಳುತ್ತಿದ್ದಳು. ಎಡಕ್ಕೆ ಸುತ್ತುವ ಮಗಳನ್ನು ಕಣ್ಣಾರೆ ನೋಡುವ ಧೈರ್ಯ ಅವಳಿಗೆ ಬಂದಿರಲಿಲ್ಲವೆಂದೇ ನಾನು ತಿಳಿದಿದ್ದೇನೆ.

ಮರುವರ್ಷ ಬೆಂಗಳೂರಿನಲ್ಲಿ ಅಕ್ಕ ಎರಡನೆಯವಳಾಗಿ ಬಂದಳು, ಅದರ ಮರುವರ್ಷ ಮೊದಲನೆಯವಳು. ರಾಜ್ಯದ ಪರವಾಗಿ ಕಲ್ಕತ್ತೆಗೂ ಹೋಗಿ ಓಡಿ ಒಂದು ಪದಕ ತಂದಳು. ಪ್ರತಿ ಸಲವೂ ಅಮ್ಮ ಕೇಳುತ್ತಿದ್ದುದು ಒಂದೇ: ಬಿದ್ದೆಯೇನೇ? ಇಲ್ಲವೆಂದರೆ ಅಷ್ಟಕ್ಕೇ ತೃಪ್ತಳಾಗಿ ಒಳಗೆ ಹೋಗುವಳು. ಪದಕವನ್ನು ಅಪ್ಪ ಗೂಡ್ಸ್ ಷೆಡ್ಡಿಗೆ ಕೊಂಡೊಯ್ದು ಎಲ್ಲರಿಗೂ ತೋರಿಸಿಕೊಂಡು ಬಂದರು.

ಅಪ್ಪ ಹೋದದ್ದು ಅದರ ಮುಂದಿನ ಚಳಿಗಾಲ. ಎಂದಿನ ಹಾಗೆ ಬೆಳಗಿನ ಜಾವ ಉಸಿರು ಸೇದುತ್ತಿದ್ದರು. ಒಂದು ಹೊತ್ತಿನಲ್ಲಿ ಸದ್ದು ನಿಂತಿತು. ವೈಕುಂಠ ಸಮಾರಾಧನೆಯ ದಿನ ಹತ್ತಿರದ ಗಂಡಸಿ ಊರಿನಿಂದ ಬಂದಿದ್ದ ಸೋದರತ್ತೆ, ಅಪ್ಪನ ಅಕ್ಕ, ಎಲೆಯ ಮುಂದೆ ಕುಳಿತು ಎಲ್ಲರಿಗೂ ಕೇಳಿಸುವಂತೆ, ಅರಳಿಮರಕ್ಕೆ ಎಡಸುತ್ತು ಸುತ್ತಿದ ಮನೆ ಇದು, ಇನ್ನೇನಾದೀತು ಎಂದರು. ಅಕ್ಕ ಬಡಿಸುತ್ತಿದ್ದಳು. ಬಡಿಸುವುದನ್ನು ಮುಗಿಸಿ, ಸ್ಕೇಟುಗಳನ್ನು ಅಟ್ಟದ ಮೇಲೆ ಹಾಕಿಬಂದಳು. ಆ ವರ್ಷ ಗಾರ್ಡಮ್ಮ ಎರಡು ಸಲ ಹೇಳಿಕಳಿಸಿದರೂ ಅವಳು ಉತ್ತರ ಕೊಡಲಿಲ್ಲ.

ಮುಂದೆ ಅವಳು ಮತ್ತೆ ಓಡಿದಳೆಂದೂ, ಎರಡು ವರ್ಷ ಓಡಿ ಗೆದ್ದು ಸೋತು, ಆಮೇಲೆ ಹಾಸನದಲ್ಲಿ ಹೆಣ್ಣುಮಕ್ಕಳಿಗೆ ಡ್ರಿಲ್ ಟೀಚರಾದಳೆಂದೂ ಹೇಳಿ ಈ ಬರಹವನ್ನು ನಾನು ಮುಗಿಸಬಹುದು. ಆದರೆ ಪದಕಗಳು ನನ್ನ ಮನಸ್ಸಿನಲ್ಲಿ ಉಳಿದಿಲ್ಲ. ಉಳಿದಿರುವುದು ಅಪ್ಪನ ವರ್ಷದ ತಿಥಿ ಕಳೆದ ಮರುವಾರದ ಒಂದು ಬೆಳಗು.

ಅಮ್ಮ ತಾನೇ ಏಣಿ ಹಾಕಿ ಅಟ್ಟದಿಂದ ಸ್ಕೇಟು ಇಳಿಸಿ, ಧೂಳು ಒರೆಸಿ, ನಮ್ಮಿಬ್ಬರನ್ನೂ ಗಿರಣಿಯ ಅಂಗಳಕ್ಕೆ ಕರೆದುಕೊಂಡು ಹೋದಳು. ಹಣೆ ಬರಿದಾದ ಮೇಲೆ ಅವಳು ಅಲ್ಲಿಗೆ ಬಂದದ್ದು ಅದೇ ಮೊದಲು. ಅಕ್ಕ ಒಲ್ಲೆನೆಂದು ಅಳತೊಡಗಿದಳು. ತನ್ನಿಂದಲೇ ಅಪ್ಪ ಹೋದರು ಎಂಬ ಮಾತನ್ನು, ವರ್ಷವಿಡೀ ಒಳಗೇ ಇಟ್ಟುಕೊಂಡಿದ್ದದ್ದನ್ನು, ಅಂದು ಬಾಯಿಬಿಟ್ಟು ಹೇಳಿದಳು. ಅಮ್ಮ ಅವಳ ಮುಂದೆ ನೆಲದ ಮೇಲೆ ಕುಳಿತು, ಅವಳ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಪಟ್ಟಿ ಬಿಗಿಯುತ್ತ ಹೇಳಿದಳು: ‘ನಾನು ಒಂದು ಸುತ್ತೂ ಬಾಕಿ ಉಳಿಸಿಲ್ಲ ಕಣೇ. ನಿನ್ನಿಂದ ಹೋಗಿಲ್ಲ ಅವರು. ಹೋಗೋ ಹೊತ್ತು ಬಂದಿತ್ತು, ಹೋದ್ರು.’

ಅಕ್ಕ ಎದ್ದು ನಿಂತಳು. ಅಮ್ಮ ಮರದ ಕಡೆಗೆ ಹೋಗಲಿಲ್ಲ. ಯಾರ ಉಸಿರಿಗೆಂದು ಸುತ್ತಬೇಕಿತ್ತೋ ಅವರೇ ಇರಲಿಲ್ಲ. ಗಿರಣಿಯ ಮೆಟ್ಟಿಲ ಮೇಲೆ ಸೆರಗು ಹೊದ್ದು ಕುಳಿತುಕೊಂಡಳು. ಅಕ್ಕ ಮೊದಲು ಹೆದರಿಕೊಂಡೇ ಹೊರಟಳು. ಒಂದು ಸುತ್ತು, ಎರಡು ಸುತ್ತು. ಆಮೇಲೆ ಕಾಲಿಗೆ ಹಳೆಯ ನೆನಪು ಬಂದು ಮೈಯನ್ನು ಎಡಕ್ಕೆ ವಾಲಿಸಿ, ಬೆರಳು ನೆಲಕ್ಕೆ ತಾಗುವಷ್ಟು ಬಾಗಿ, ತಿರುವಿನಿಂದ ತಿರುವಿಗೆ ಗಾಳಿ ಸೀಳಿಕೊಂಡು ಹೋದಳು. ಅಮ್ಮ ಬಾಯಿ ತುಸು ತೆರೆದುಕೊಂಡು, ಕತ್ತನ್ನು ಅವಳ ಹಿಂದೆಯೇ ತಿರುಗಿಸುತ್ತ, ರೆಪ್ಪೆ ಹಾಕದೆ ನೋಡುತ್ತಿದ್ದಳು. ಅಕ್ಕ ಏದುಸಿರು ಬಿಡುತ್ತ ಎದುರಿಗೆ ಬಂದು ನಿಂತಾಗ ಅವಳ ಕೆನ್ನೆಯನ್ನು ಮುಟ್ಟಿ ಅಮ್ಮ ಹೇಳಿದಳು:

‘ಇಷ್ಟು ಜೋರಾಗಿ ಓಡ್ತೀಯೇನೇ ನೀನು? ಇಷ್ಟು ವರ್ಷ ಜೊತೇಲೇ ಸುತ್ತಿದೀನಿ, ಒಂದು ದಿನಾನೂ ನೋಡಲಿಲ್ಲವಲ್ಲೇ ನಾನು. ಇನ್ನೊಂದು ಸುತ್ತು ಹಾಕು. ನೋಡ್ತೀನಿ.’